ಪ್ರತಿಕ್ರಿಯೆ: ಪ್ರದರ್ಶನದಲ್ಲಿಲ್ಲದ ಫೋಟೋ, ಫಿಲ್ಮ್‌ಗಳನ್ನು ನೋಡುವ ಬಗೆ
ಸಂಗ್ರಹಾಲಯದವರು ಪ್ರದರ್ಶನಕ್ಕಿಡದ ಹಳೆಯ ಛಾಯಾಚಿತ್ರ, ಚಲನಚಿತ್ರಗಳನ್ನು ಸಂಶೋಧಕರಲ್ಲದವರೂ ನೋಡಬಹುದೇ ಎಂದು ಕೇಳಿದ್ದೀರಿ. ಹಲವು ಸಂಗ್ರಹಾಲಯಗಳಲ್ಲಿ ಇದಕ್ಕೆ ಅವಕಾಶವಿದೆ. ಆನ್‌ಲೈನ್ ಕ್ಯಾಟಲಾಗ್‌ನಲ್ಲಿ ಬೇಕಾದ ವಸ್ತುವಿನ ಸಂಖ್ಯೆಯನ್ನು ಗುರುತು ಹಾಕಿಕೊಂಡು, ಅದನ್ನು ಉಲ್ಲೇಖಿಸಿ ಮುಂಚಿತವಾಗಿಯೇ ಬರೆದು ಸಮಯ ಕೇಳಿ.

1839ರಲ್ಲಿ ಜಗತ್ತಿಗೆ ಪರಿಚಯವಾದ, ಲೋಹದ ತಗಡಿನ ಮೇಲೆ ಮೂಡಿಸುವ ಡಾಗೆರೋಟೈಪ್ ಎಂಬ ಆರಂಭಕಾಲದ ಛಾಯಾಚಿತ್ರ ನೋಡಲು ಸಿಕ್ಕರೆ ದಯವಿಟ್ಟು ಆತುರಪಡಬೇಡಿ. ಬೆಳ್ಳಿ ಲೇಪಿಸಿದ ಆ ತಾಮ್ರದ ತಗಡು ಕನ್ನಡಿಯಂತೆ ಹೊಳೆಯುವುದರಿಂದ, ನೋಡುವ ಕೋನ ತುಸು ಬದಲಾದರೂ ಅದೇ ಮುಖ ಪಾಸಿಟಿವ್‌ನಿಂದ ನೆಗೆಟಿವ್‌ಗೆ ಹೊರಳುತ್ತದೆ. ಸ್ಕ್ಯಾನ್ ಮಾಡಿದ ಚಿತ್ರದಲ್ಲಿ ಈ ಅನುಭವ ಸಿಗುವುದೇ ಇಲ್ಲ.

ಫಿಲ್ಮ್‌ನ ವಿಷಯ ಬೇರೆ. 1950ರ ದಶಕದ ಆರಂಭದವರೆಗೆ ತಯಾರಾಗುತ್ತಿದ್ದ ನೈಟ್ರೇಟ್ ಫಿಲ್ಮ್ ಒಮ್ಮೆ ಹೊತ್ತಿಕೊಂಡರೆ ನೀರಿನೊಳಗೂ ಉರಿಯುವಂಥದ್ದಾದ್ದರಿಂದ, ಸಾಮಾನ್ಯವಾಗಿ ನಕಲು ಪ್ರತಿಯನ್ನೇ ತೋರಿಸುತ್ತಾರೆ. ಆ ನಕಲು ಯಾವ ಪ್ರತಿಯಿಂದ ತಯಾರಾಯಿತೆಂದು ಸಿಬ್ಬಂದಿಯನ್ನು ತಪ್ಪದೆ ಕೇಳಿ.