‘ಪಾಪ’ ಅಂದಲ್ಲಿಗೆ ಓದು ಮುಗಿಯುವುದಿಲ್ಲ

ಪ್ರಶ್ನೆ: ನಾವು ಎಂಟು ಹೆಣ್ಣುಮಕ್ಕಳು ತಿಂಗಳಿಗೊಮ್ಮೆ ಕೂಡಿ ಹೊಸ ಕತೆ ಓದುತ್ತೇವೆ. ಚರ್ಚೆ ಮಾತ್ರ ‘ಪಾಪ, ಎಷ್ಟು ಸಹಿಸಿಕೊಂಡಳು’ ಅನ್ನುವಲ್ಲಿಗೇ ನಿಲ್ಲುತ್ತದೆ. ಕತೆಯೊಳಗಿನ ಹೆಣ್ಣಿನ ಸ್ಥಾನವನ್ನು ಹೇಗೆ ಓದಬೇಕು?
– ಓದುಗರೊಬ್ಬರು, ಸೇಡಂ

ಉತ್ತರ: ಅವಳು ಒಳ್ಳೆಯವಳೋ ಕೆಟ್ಟವಳೋ ಎಂಬ ತೀರ್ಪನ್ನು ಮೊದಲು ಬದಿಗಿಡಿ. ಅದಕ್ಕೆ ಕೈಹಾಕಿದ ಕೂಡಲೇ ಕತೆ ಮರೆಯಾಗಿ ಪಂಚಾಯಿತಿ ಶುರುವಾಗುತ್ತದೆ. ಒಂದು ಸಲಕ್ಕೆ ಹತ್ತು-ಹನ್ನೆರಡು ಪುಟದ ಒಂದೇ ಕತೆ ಸಾಕು. ಮನೆಯಲ್ಲಿ ಒಮ್ಮೆ ಓದಿ ಬನ್ನಿ. ಕೂಡಿದಾಗ ಪೆನ್ಸಿಲ್ ಹಿಡಿದು ಮತ್ತೆ ಓದಿ. ಕೆಲಸ, ದುಡ್ಡು, ಮಾತು ಮೂರಕ್ಕೂ ಬೇರೆ ಬೇರೆ ಗುರುತು ಹಾಕಿ. ತೊಗರಿ ಹೊಲದಲ್ಲಿ ಕಳೆ ತೆಗೆದವಳು ಯಾರು, ಬಂದು ರೊಟ್ಟಿ ಬಡಿದವಳು ಯಾರು, ಕೂಲಿ ಹಣ ಕೊನೆಗೆ ಯಾರ ಕೈ ಸೇರಿತು?

ಹೆಚ್ಚು ಗುಟ್ಟು ಬಿಡುವುದು ಮಾತು. ಗಂಡನ ಮಾತು ಉದ್ಧರಣ ಚಿಹ್ನೆಯೊಳಗೆ ಪೂರ್ತಿ ಬಂದು, ಹೆಂಡತಿಯದ್ದು ‘ಅವಳು ಬೇಡವೆಂದಳು’ ಎಂಬ ಎರಡೇ ಪದದಲ್ಲಿ ಮುಗಿದಿದ್ದರೆ ಅಲ್ಲಿ ನಿಲ್ಲಿ. ಮಾವ ‘ಬಂದರು’, ಅತ್ತೆ ‘ಬಂದಳು’ ಎಂದಿದ್ದರೆ ಆ ಬಹುವಚನ ಯಾರು ಕೊಟ್ಟದ್ದು? ಸೊಸೆಯ ಮನಸ್ಸೋ, ಕತೆಗಾರರೋ? ಕನ್ನಡ ಕತೆಯಲ್ಲಿ ಇದಕ್ಕಿಂತ ಗಟ್ಟಿ ಸಾಕ್ಷಿ ಸಿಗುವುದು ಕಷ್ಟ. ಹೆಸರೇ ಇಲ್ಲದ ಹೆಂಗಸರನ್ನೂ ಎಣಿಸಿ.

ಎಡವುವ ಇನ್ನೊಂದು ಜಾಗ, ಇಂದಿನ ತಕ್ಕಡಿಯಲ್ಲಿ ಅಂದಿನವಳನ್ನು ತೂಗುವುದು. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಕರ್ನಾಟಕದಲ್ಲಿ ಬಂದದ್ದು 1994ರಲ್ಲಿ, ಹಿಂದೂ ಉತ್ತರಾಧಿಕಾರ ಕಾಯ್ದೆಗೆ ರಾಜ್ಯ ತಂದ ತಿದ್ದುಪಡಿಯಿಂದ. ಅದಕ್ಕೂ ಮೊದಲೇ ಮದುವೆಯಾಗಿದ್ದವರನ್ನು ಆ ತಿದ್ದುಪಡಿ ಹೊರಗಿಟ್ಟಿತ್ತು. 2005ರ ಕೇಂದ್ರ ತಿದ್ದುಪಡಿ ಅವರನ್ನೂ ಒಳಗೆ ತಂದಿತು. 1980ರಲ್ಲಿ ನಡೆಯುವ ಕತೆಯಲ್ಲಿ ಅಣ್ಣನಷ್ಟೇ ಪಾಲು ಕೇಳದವಳನ್ನು ಅಂಜುಬುರುಕಿ ಅನ್ನಬೇಡಿ. ಕತೆ ಯಾವ ವರ್ಷದ್ದು ಎಂದು ಮೊದಲ ಪುಟದ ಮೇಲೇ ಬರೆದುಕೊಳ್ಳಿ.

ಪ್ರಶ್ನೆ: ನಮ್ಮ ಭಾಗದ ಯಾವ ಕಾದಂಬರಿಯಿಂದ ಆರಂಭಿಸಲಿ?
– ಓದುಗರೊಬ್ಬರು, ಶಹಾಪುರ

ಉತ್ತರ: ಕಲಬುರಗಿ ಜಿಲ್ಲೆಯ ಸಾವಳಗಿಯವರಾದ ಗೀತಾ ನಾಗಭೂಷಣ ಅವರ ‘ಬದುಕು’. 2004ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕನ್ನಡದಲ್ಲಿ ಆ ಗೌರವ ಪಡೆದ ಮೊದಲ ಲೇಖಕಿ ಅವರು. ದೊಡ್ಡ ಕಾದಂಬರಿ, ಅವಸರ ಬೇಡ, ಕಂತಿನಲ್ಲಿ ಓದಿ. ಸಂಭಾಷಣೆಯನ್ನು ಮಾತ್ರ ಗಟ್ಟಿಯಾಗಿ ಓದಿಸಿ. ನಮ್ಮ ಕಡೆಯ ‘ಆಕಿ’, ‘ಯವ್ವಾ’ ಅಚ್ಚಿನಲ್ಲಿ ಕಣ್ಣಿಗೆ ತೊಡಕಾದರೂ ಕಿವಿಗೆ ತಟ್ಟನೆ ಹತ್ತುತ್ತವೆ. ಕೋಪ ಯಾವುದು, ಅಕ್ಕರೆ ಯಾವುದು ಎಂಬುದೂ ಆಗಲೇ ತಿಳಿಯುತ್ತದೆ.