ಯುರೋಪಿನಲ್ಲಿ ಪ್ರವಾಸಿಗರು ಇಳಿಯದ ಊರುಗಳಿಗೆ ಹೋಗಬಹುದಾ?

ನಿಮ್ಮ ಪ್ರಶ್ನೆ ಇದು: ಮುಂದಿನ ವರ್ಷ ಅಪ್ಪ ಅಮ್ಮನ ಜೊತೆ 12 ದಿನ ಯುರೋಪಿಗೆ ಹೊರಟಿದ್ದೀರಿ. ಪ್ಯಾರಿಸ್, ರೋಮ್, ಸ್ವಿಟ್ಜರ್ಲೆಂಡ್ ಅಂತ ಎಲ್ಲರೂ ಹೇಳುವ ಊರುಗಳೇ ಬೇಡ ಅನ್ನಿಸಿದೆ. ಆದರೆ ಅಷ್ಟು ದುಡ್ಡು ಹಾಕಿ ಗೊತ್ತಿಲ್ಲದ ಊರಿಗೆ ಹೋಗಿ, ಅಲ್ಲಿ ನೋಡೋಕೆ ಏನೂ ಇಲ್ಲದಿದ್ದರೆ ಏನು ಮಾಡೋದು ಅಂತ ಭಯ.

ಧೈರ್ಯವಾಗಿ ಹೋಗಿ. ನಾನು ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಏಳು ವರ್ಷದಿಂದ ಇದ್ದೇನೆ. ರಜೆ ಸಿಕ್ಕಾಗೆಲ್ಲ ರೈಲು ಹತ್ತಿದ್ದೇನೆ, ದೊಡ್ಡ ಊರುಗಳನ್ನೂ ನೋಡಿದ್ದೇನೆ, ಆದರೆ ಮತ್ತೆ ಮತ್ತೆ ಮನಸ್ಸಿಗೆ ಬರುವುದು ಯಾರೂ ಹೋಗು ಅಂತ ಹೇಳದ ಊರುಗಳೇ. ಒಂದು ವಿಷಯ ಮಾತ್ರ ನೆನಪಿಡಿ. ಇಂಟರ್ನೆಟ್ಟಿನಲ್ಲಿ ಸಿಗುವ 'ಹೆಚ್ಚು ಜನರಿಗೆ ಗೊತ್ತಿಲ್ಲದ ಹತ್ತು ಊರು' ಅನ್ನೋ ಪಟ್ಟಿ ನೋಡಿ ಆರಿಸಬೇಡಿ. ನಿಮ್ಮ ಮನೆಯಲ್ಲಿ ಈಗಾಗಲೇ ಗೊತ್ತಿರುವ ಒಂದು ಕೆಲಸ, ಒಂದು ಬೆಳೆ, ಒಂದು ಕಸುಬು ಹಿಡಿದುಕೊಂಡು ಊರು ಹುಡುಕಿ. ರೋಮ್‌ನಲ್ಲಿ ಪ್ರತಿ ಕಲ್ಲಿನ ಕಥೆ ಹೇಳೋಕೆ ಗೈಡ್ ಇರುತ್ತಾರೆ, ಬೋರ್ಡ್ ಇರುತ್ತದೆ. ಇಂಥ ಊರುಗಳಲ್ಲಿ ಅಷ್ಟೆಲ್ಲ ಇರುವುದಿಲ್ಲ. ಕೈಯಲ್ಲಿ ಒಂದು ಎಳೆ ಇದ್ದರೆ ಊರು ತಾನಾಗೇ ಬಿಚ್ಚಿಕೊಳ್ಳುತ್ತದೆ.

ನನ್ನ ಎಳೆ ಹತ್ತಿ. ನಾನು ದಾವಣಗೆರೆಯವನು. ನಮ್ಮೂರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದ ಕಾಲ ಇತ್ತು, ಅಲ್ವಾ? ಅಪ್ಪ ಕಾಟನ್ ಮಿಲ್ಲಿನಲ್ಲಿ ಕೆಲಸ ಮಾಡುತ್ತಿದ್ದರು. ಪಾಳಿ ಬದಲಾಗುವಾಗ ಕೂಗುವ ಸೈರನ್ ಕೇಳಿ ನಮ್ಮ ಓಣಿಯವರು ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದರು. ಆಮೇಲೆ ಮಿಲ್ಲು ಮುಚ್ಚಿತು. ಮೂರು ವರ್ಷದ ಹಿಂದೆ ಅಪ್ಪ ಡ್ರೆಸ್ಡೆನ್‌ಗೆ ಬಂದಾಗ ಅವರನ್ನು ಎಲ್ಲಿಗೆ ಕರೆದುಕೊಂಡು ಹೋಗಲಿ ಅಂತ ಯೋಚಿಸಿದೆ. ಅರಮನೆ, ಚರ್ಚು ನೋಡಿ ನೋಡಿ ಅವರಿಗೆ ಸಾಕಾಗಿತ್ತು. ಆಗ ಹೊಳೆದದ್ದು ಪೋಲೆಂಡಿನ ವುಚ್.

ನಕಾಶೆಯಲ್ಲಿ ಇಂಗ್ಲಿಷಿನವರು ಇದನ್ನು ಲಾಡ್ಜ್ ಅಂತ ಓದಿಬಿಡುತ್ತಾರೆ. ಪೋಲಿಷ್‌ನಲ್ಲಿ ಹೆಚ್ಚುಕಡಿಮೆ 'ವುಚ್'. ಹಾಗಂದರೆ ದೋಣಿ. ಊರಿನ ಲಾಂಛನದಲ್ಲೂ ದೋಣಿ ಇದೆ, ಆದರೆ ದೋಣಿ ಹೋಗುವಂಥ ನದಿ ಊರಲ್ಲಿ ಕಾಣುವುದಿಲ್ಲ. ಇದ್ದ ಸಣ್ಣ ಹೊಳೆಗಳ ನೀರು ಮಿಲ್ಲುಗಳಿಗೆ ಬೇಕಾಯಿತು, ಆಮೇಲೆ ಅವುಗಳಲ್ಲಿ ಹೆಚ್ಚಿನವನ್ನು ನೆಲದಡಿಗೆ ಸೇರಿಸಿಬಿಟ್ಟರು. 1820ರಲ್ಲಿ ಅದು ಸಾವಿರ ಜನವೂ ಇಲ್ಲದ ಹಳ್ಳಿ. ಮೊದಲ ಮಹಾಯುದ್ಧ ಶುರುವಾಗುವ ಹೊತ್ತಿಗೆ ಸುಮಾರು ಐದು ಲಕ್ಷ ಜನ. ಆಗ ಪೋಲೆಂಡಿನ ಆ ಭಾಗ ರಷ್ಯಾ ಸಾಮ್ರಾಜ್ಯದ ಕೈಯಲ್ಲಿತ್ತು, ಸುಂಕದ ಗಡಿ ತೆಗೆದ ಮೇಲೆ ಇಲ್ಲಿ ನೇಯ್ದ ಬಟ್ಟೆಗೆ ಇಡೀ ರಷ್ಯಾ ಮಾರುಕಟ್ಟೆ ಆಯಿತು. ಪೋಲಿಷರು, ಜರ್ಮನ್ನರು, ಯಹೂದಿಗಳು, ರಷ್ಯನ್ನರು ಎಲ್ಲ ಬಂದು ಸೇರಿದರು. ಈ ಊರಿಗೂ ಪೋಲೆಂಡಿನ ಮ್ಯಾಂಚೆಸ್ಟರ್ ಅಂತಲೇ ಹೆಸರು.

ಅಲ್ಲಿ ಜವಳಿ ಮ್ಯೂಸಿಯಂ ಇದೆ, 19ನೇ ಶತಮಾನದ 'ಬಿಳಿ ಕಾರ್ಖಾನೆ' ಅನ್ನೋ ಹಳೆ ಮಿಲ್ಲಿನಲ್ಲೇ. ಮೊದಲ ಕೋಣೆಗೆ ಹೋಗುವ ತನಕ ಅಪ್ಪ ಸುಮ್ನೆ ನನ್ನ ಹಿಂದೆ ಬರುತ್ತಿದ್ದರು. ಮಗ್ಗಗಳು ಕಣ್ಣಿಗೆ ಬಿದ್ದವು ನೋಡಿ, ಆಮೇಲೆ ನಾನು ಅವರ ಹಿಂದೆ. ಇದು ಲಾಳಿ, ಇಲ್ಲಿ ಹಾಸು, ಇಲ್ಲಿಂದ ಹೊಕ್ಕು ಬರುತ್ತೆ, ಎಳೆ ಕಡಿದರೆ ಇಲ್ಲಿ ಕೈ ಹಾಕಿ ಗಂಟು ಹಾಕಬೇಕು, ಇದರ ಸದ್ದಿಗೇ ನೋಡು ನನ್ನ ಎಡಗಿವಿ ಮಂದ ಆಗಿದ್ದು ಅಂತ ಒಂದೇ ಸಮನೆ ಹೇಳುತ್ತಾ ಹೋದರು. ಅಲ್ಲಿದ್ದ ವಯಸ್ಸಾದ ಕಾವಲಿನಾಕೆ ಹತ್ತಿರ ಬಂದರು. ಅವರಿಗೆ ಇಂಗ್ಲಿಷ್ ಬರಲ್ಲ, ಅಪ್ಪನಿಗೆ ಪೋಲಿಷ್ ಬರಲ್ಲ. ಆಕೆ ತಾನೂ ಮಿಲ್ಲಿನಲ್ಲಿ ಇದ್ದವಳು ಅಂತ ಕೈಸನ್ನೆಯಲ್ಲಿ ಹೇಳಿದರು, ಎರಡು ಬೆರಳಲ್ಲಿ ದಾರ ಹೊಸೆದು ಗಂಟು ಹಾಕುವುದನ್ನು ತೋರಿಸಿದರು. ಅಪ್ಪನೂ ಅದೇ ಗಂಟು ಹಾಕಿ ತೋರಿಸಿದರು. ಯುರೋಪಿನಲ್ಲಿ ಕಳೆದ ಏಳು ವರ್ಷದಲ್ಲಿ ನನಗೆ ಅದಕ್ಕಿಂತ ದೊಡ್ಡ ದೃಶ್ಯ ಸಿಕ್ಕಿಲ್ಲ.

ಊರಿನ ನಡುವೆ ಪ್ಯೋತ್ರ್ಕೋಫ್ಸ್ಕಾ ಅಂತ ಒಂದೇ ನೇರ ರಸ್ತೆ, ನಾಲ್ಕು ಕಿಲೋಮೀಟರಿಗೂ ಉದ್ದ. ಇಕ್ಕೆಲದಲ್ಲೂ ಮಿಲ್ ಮಾಲೀಕರು ಕಟ್ಟಿಸಿದ ಮನೆಗಳು. ಈ ರಸ್ತೆಯಲ್ಲಿ ಸೈಕಲ್ ರಿಕ್ಷಾ ಓಡುತ್ತದೆ, ಅವರೂ ರಿಕ್ಷಾ ಅಂತಲೇ ಕರೆಯುತ್ತಾರೆ. ವಯಸ್ಸಾದವರಿಗೆ ಬಹಳ ಅನುಕೂಲ. ಬರೀ ಮುಂಭಾಗ ನೋಡಿಕೊಂಡು ಹೋಗಬೇಡಿ, ಕಮಾನಿನ ಕೆಳಗೆ ಒಳಗಿನ ಅಂಗಳಗಳಿಗೆ ನುಗ್ಗಿ. ಒಂದು ಅಂಗಳದ ಗೋಡೆಗಳಿಗೆ ಪೂರ್ತಿ ಚೂರು ಚೂರು ಕನ್ನಡಿ ಅಂಟಿಸಿದ್ದಾರೆ. ಪಸಾಝ್ ರೂಝಿ ಅಂತ ಅದರ ಹೆಸರು. ಯೋಅನ್ನಾ ರೈಕೋಫ್ಸ್ಕಾ ಅನ್ನೋ ಕಲಾವಿದೆ, ತನ್ನ ಪುಟ್ಟ ಮಗಳಿಗೆ ಕಣ್ಣಿನ ಕ್ಯಾನ್ಸರ್ ಆಗಿ ಚಿಕಿತ್ಸೆ ಪಡೆದ ಅನುಭವದಿಂದ ಮಾಡಿದ್ದು. ಬಿಸಿಲು ಬಿದ್ದಾಗ ಹೋಗಿ.

ಇಜ್ರಾಯೆಲ್ ಪೊಜ್ನಾನ್‌ಸ್ಕಿ ಅನ್ನೋ ಮಾಲೀಕನ ಕೆಂಪು ಇಟ್ಟಿಗೆಯ ದೊಡ್ಡ ಮಿಲ್ಲು 2006ರಿಂದ ಮನುಫಾಕ್ತುರಾ ಅನ್ನೋ ಮಾಲ್ ಆಗಿದೆ. ಪಕ್ಕದಲ್ಲೇ ಅವನ ಅರಮನೆ, ಈಗ ನಗರದ ಮ್ಯೂಸಿಯಂ. ನನಗೆ ಅದಕ್ಕಿಂತ ಇಷ್ಟವಾದದ್ದು ಕ್ಷೆಂಝಿ ಮ್ವಿನ್. ಶೈಬ್ಲರ್ ಅನ್ನೋ ಇನ್ನೊಬ್ಬ ಮಾಲೀಕ ಕೆಲಸಗಾರರಿಗೆ ಕಟ್ಟಿಸಿದ ಮನೆಗಳ ಸಾಲು. ಈಗಲೂ ಜನ ಇದ್ದಾರೆ, ಬಟ್ಟೆ ಒಣ ಹಾಕಿರುತ್ತಾರೆ, ಬೆಕ್ಕುಗಳು ಓಡಾಡುತ್ತವೆ. ಅಪ್ಪ ಅಲ್ಲೊಂದು ಬೆಂಚಿನ ಮೇಲೆ ಕೂತು 'ನಮ್ಮ ಕ್ವಾರ್ಟರ್ಸ್ ಥರಾನೇ ಇದೆ' ಅಂದರು, ಒಂದು ಗಂಟೆ ಏಳಲೇ ಇಲ್ಲ.

1989ರಲ್ಲಿ ಕಮ್ಯುನಿಸ್ಟ್ ಆಡಳಿತ ಹೋದ ನಂತರ ಈ ಮಿಲ್ಲುಗಳೂ ಒಂದೊಂದಾಗಿ ಮುಚ್ಚಿದವು. ಸೋವಿಯತ್ ಕಡೆಯ ಮಾರುಕಟ್ಟೆ ಹೋಯಿತು, ಕೆಲಸ ಕಳೆದುಕೊಂಡವರಲ್ಲಿ ಹೆಣ್ಣುಮಕ್ಕಳೇ ಜಾಸ್ತಿ. ಎಂಟು ಲಕ್ಷ ದಾಟಿದ್ದ ಜನಸಂಖ್ಯೆ ಈಗ ಏಳು ಲಕ್ಷಕ್ಕಿಂತ ಕಡಿಮೆ. ಹಾಗಾಗಿ ಕೆಲವು ಬೀದಿಗಳಲ್ಲಿ ಗಾರೆ ಉದುರಿದ ಖಾಲಿ ಕಟ್ಟಡಗಳು ಸಿಗುತ್ತವೆ. ಇದನ್ನು ಮೊದಲೇ ಹೇಳುತ್ತಿದ್ದೇನೆ, ಯಾಕಂದರೆ ಎಲ್ಲವೂ ಬಣ್ಣ ಬಳಿದು ಚೆಂದ ಕಾಣುವ ಊರೇ ಬೇಕು ಅನ್ನುವವರಿಗೆ ವುಚ್ ಹಿಡಿಸುವುದಿಲ್ಲ.

ರಾದೆಗಾಸ್ತ್ ರೈಲು ನಿಲ್ದಾಣಕ್ಕೂ ಹೋಗಬೇಕು. 1940ರಲ್ಲಿ ನಾಜಿಗಳು ಈ ಊರಿನ ಒಂದು ಭಾಗಕ್ಕೆ ಬೇಲಿ ಹಾಕಿ ಒಂದೂವರೆ ಲಕ್ಷಕ್ಕೂ ಹೆಚ್ಚು ಯಹೂದಿಗಳನ್ನು ಕೂಡಿಹಾಕಿದ್ದರು. ಅವರಿಂದ ಬಟ್ಟೆ ಹೊಲಿಸಿದರು, ಆಮೇಲೆ ಈ ನಿಲ್ದಾಣದಿಂದಲೇ ಸಾವಿನ ಶಿಬಿರಗಳಿಗೆ ಸಾಗಿಸಿದರು. ಹಳೆ ಮರದ ಬೋಗಿಗಳು ನಿಂತಿವೆ. ಒಂದು ಉದ್ದ ಸುರಂಗದ ಗೋಡೆಯಲ್ಲಿ ಹೆಸರುಗಳ ಪಟ್ಟಿಗಳಿವೆ. 1945ರ ಜನವರಿಯಲ್ಲಿ ಸೋವಿಯತ್ ಸೇನೆ ಬಂದಾಗ ಆ ಬೇಲಿಯೊಳಗೆ ಉಳಿದಿದ್ದ ಯಹೂದಿಗಳು ಸಾವಿರಕ್ಕಿಂತ ಕಡಿಮೆ. ನಾವು ಹೋದ ದಿನ ನಮ್ಮನ್ನು ಬಿಟ್ಟರೆ ಇನ್ನಿಬ್ಬರಿದ್ದರು. ಯಾರೂ ಮಾತಾಡಲಿಲ್ಲ.

ಊಟದ ಬಗ್ಗೆ: ಸಸ್ಯಾಹಾರಿಗಳಾದರೆ ಪಿಯೆರೋಗಿ ರುಸ್ಕಿಯೆ ಕೇಳಿ. ಆಲೂಗಡ್ಡೆ ಮತ್ತು ಚೀಸ್ ತುಂಬಿದ ಕಡುಬು. ಆದರೆ ಮೇಲೆ ಹಂದಿ ಕೊಬ್ಬಿನ ಚೂರು ಉದುರಿಸುವುದು ವಾಡಿಕೆ, ಅದು ಬೇಡ ಅಂತ ಮೊದಲೇ ಹೇಳಬೇಕು. 'ಬಾರ್ ಮ್ಲೆಚ್ನಿ' ಅಂತ ಬೋರ್ಡ್ ಇದ್ದರೆ ಬಾರ್ ಅಂದುಕೊಂಡು ಹಿಂದೆ ಸರಿಯಬೇಡಿ, ಅದು ಕಡಿಮೆ ದುಡ್ಡಿನ ಊಟದ ಜಾಗ, ನಮ್ಮ ಖಾನಾವಳಿ ಥರ. ಭಾನುವಾರ ಪೋಲೆಂಡಿನಲ್ಲಿ ಹೆಚ್ಚಿನ ದೊಡ್ಡ ಅಂಗಡಿಗಳು ಮುಚ್ಚಿರುತ್ತವೆ. ನಾವು ಭಾನುವಾರವೇ ಹೋಗಿ ಇಳಿದು ಹಾಲಿಗೆ ಪರದಾಡಿದೆವು, ಹಾಗಾಗಿ ಹೇಳಿದೆ. ಅಲ್ಲಿ ನಡೆಯುವುದು ಜ್ಲೊತಿ, ಯೂರೋ ಅಲ್ಲ. ವಾರ್ಸಾದಿಂದ ರೈಲಿನಲ್ಲಿ ಎರಡು ಗಂಟೆ ಒಳಗೆ ತಲುಪಬಹುದು.

ಇನ್ನೊಂದು ಊರು ಇಟಲಿಯ ತ್ರಿಯೆಸ್ತೆ. ಇಲ್ಲಿ ಎಳೆ ಕಾಫಿ. ನನ್ನ ಹೆಂಡತಿಯ ತವರು ಮೂಡಿಗೆರೆ ಕಡೆ, ಮಾವನವರಿಗೆ ಸಣ್ಣ ತೋಟ ಇದೆ. ಭಾರತದ ಕಾಫಿಯಲ್ಲಿ ಸುಮಾರು 70 ಭಾಗ ಬೆಳೆಯುವುದು ಕರ್ನಾಟಕದಲ್ಲಿ, ಹೊರದೇಶಗಳ ಪೈಕಿ ಅದನ್ನು ಬಹಳ ವರ್ಷಗಳಿಂದ ಅತಿ ಹೆಚ್ಚು ಕೊಳ್ಳುತ್ತಾ ಬಂದಿರುವುದು ಇಟಲಿ. ತ್ರಿಯೆಸ್ತೆ ಅಲ್ಲಿನ ಹಳೆಯ ಕಾಫಿ ಬಂದರು. 1382ರಿಂದ 1918ರ ತನಕ ಆಸ್ಟ್ರಿಯಾದ ಅರಸರ ಕೈಯಲ್ಲಿತ್ತು, 1719ರಲ್ಲಿ ಸುಂಕವಿಲ್ಲದ ಬಂದರು ಅಂತ ಘೋಷಿಸಿದ ಮೇಲೆ ಬೆಳೆಯಿತು. ಇಲ್ಲಿ ಕಾಫಿಗೆ ಬೇರೆಯದೇ ಮಾತು. ಎಸ್ಪ್ರೆಸ್ಸೊಗೆ 'ನೆರೊ', ಸ್ವಲ್ಪ ಹಾಲು ಹಾಕಿದರೆ 'ಕಾಪೊ', ಅದನ್ನೇ ಪುಟ್ಟ ಗಾಜಿನ ಲೋಟದಲ್ಲಿ ಕೊಟ್ಟರೆ 'ಕಾಪೊ ಇನ್ ಬಿ'. ನಮಗೆ ಲೋಟದ್ದೇ ಹಿಡಿಸಿತು. 1914ರಲ್ಲಿ ಶುರುವಾದ ಕಫೆ ಸಾನ್ ಮಾರ್ಕೊದಲ್ಲಿ ಕೂತು ನನ್ನ ಹೆಂಡತಿ ಮಾವನವರಿಗೆ ವೀಡಿಯೊ ಕಾಲ್ ಮಾಡಿದಳು. ಅವರು ಕೇಳಿದ ಮೊದಲ ಪ್ರಶ್ನೆ, ಒಂದು ಲೋಟಕ್ಕೆ ಎಷ್ಟು ಅಂತ. ಅವಳು ಹೇಳಿದ ರೇಟು ಕೇಳಿ ಒಂದು ಕ್ಷಣ ಸುಮ್ಮನಾದರು.

ಅಲ್ಲಿನ ದೊಡ್ಡ ಚೌಕದ ಒಂದು ಬದಿ ಗೋಡೆಯೇ ಇಲ್ಲದೆ ನೇರ ಸಮುದ್ರಕ್ಕೆ ತೆರೆದಿದೆ. ಸಂಜೆ ಅಲ್ಲಿರಿ. ಊರ ಹೊರಗೆ ಮಿರಮಾರೆ ಕೋಟೆ, ಅದರ ಹತ್ತಿರವೇ 1964ರಲ್ಲಿ ಪಾಕಿಸ್ತಾನದ ವಿಜ್ಞಾನಿ ಅಬ್ದುಸ್ ಸಲಾಂ ಕಟ್ಟಿದ ಭೌತಶಾಸ್ತ್ರ ಕೇಂದ್ರ. ಬೆಂಗಳೂರಿನ ವಿಜ್ಞಾನಿಗಳೂ ಅಲ್ಲಿಗೆ ಹೋಗಿಬರುತ್ತಾರೆ. ಚಳಿಗಾಲದಲ್ಲಿ 'ಬೋರಾ' ಅನ್ನೋ ಗಾಳಿ ಬೆಟ್ಟದಿಂದ ಕೆಳಗೆ ನುಗ್ಗುತ್ತದೆ, ಕೆಲವೊಮ್ಮೆ ಗಂಟೆಗೆ 150 ಕಿಲೋಮೀಟರ್ ದಾಟುತ್ತದೆ. ಹಿಂದೆ ಜನ ಹಿಡಿದು ನಡೆಯಲಿ ಅಂತ ಬೀದಿಯಲ್ಲಿ ಹಗ್ಗ ಕಟ್ಟುತ್ತಿದ್ದರಂತೆ. ಅಪ್ಪ ಅಮ್ಮ ಜೊತೆಗಿದ್ದರೆ ಮೇ ಅಥವಾ ಸೆಪ್ಟೆಂಬರ್ ಒಳ್ಳೆಯದು. ವೆನಿಸ್‌ನಿಂದ ರೈಲಿನಲ್ಲಿ ಸುಮಾರು ಎರಡು ಗಂಟೆ ಅಷ್ಟೇ.

ನಿಮ್ಮ 12 ದಿನಕ್ಕೆ ಇಂಥ ಎರಡು ಊರು ಸಾಕು. ಒಂದೊಂದರಲ್ಲಿ ಮೂರು ರಾತ್ರಿಗಿಂತ ಕಡಿಮೆ ಇರಬೇಡಿ. ಮೊದಲ ದಿನ ಊರು ಏನೂ ಕೊಡುವುದಿಲ್ಲ, ಎರಡನೇ ದಿನದಿಂದ ಕೊಡೋಕೆ ಶುರು ಮಾಡುತ್ತದೆ. ಉಳಿದ ದಿನಗಳನ್ನು ಒಂದು ಹೆಸರಾಂತ ಊರಿಗೆ ಇಡಿ. ಅಮ್ಮನಿಗೆ ಐಫೆಲ್ ಟವರ್ ನೋಡುವ ಆಸೆ ಇದ್ದರೆ ಪ್ಯಾರಿಸ್ ಬಿಡಬೇಡಿ, ಎಷ್ಟೋ ವರ್ಷದಿಂದ ಇಟ್ಟುಕೊಂಡ ಆಸೆ ಅದು. ವೀಸಾ ವಿಷಯದಲ್ಲಿ ಹುಷಾರು. ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿ ನಡೆಯುವ ಷೆಂಗೆನ್ ವೀಸಾಗೆ, ಯಾವ ದೇಶದಲ್ಲಿ ಜಾಸ್ತಿ ದಿನ ಇರುತ್ತೀರೋ ಆ ದೇಶಕ್ಕೇ ಅರ್ಜಿ ಹಾಕಬೇಕು, ದಿನ ಸಮ ಆದರೆ ಮೊದಲು ಇಳಿಯುವ ದೇಶಕ್ಕೆ. ಹಾಗಾಗಿ ಮೊದಲು ರಾತ್ರಿಗಳ ಲೆಕ್ಕ ಹಾಕಿ, ಆಮೇಲೆ ಅಪಾಯಿಂಟ್‌ಮೆಂಟ್ ತಗೊಳ್ಳಿ.

ನಿಮ್ಮ ಅಪ್ಪ ಅಮ್ಮ ಏನು ಕೆಲಸ ಮಾಡುತ್ತಿದ್ದರು ಅಂತ ನೀವು ಬರೆದಿಲ್ಲ. ಕೆಜಿಎಫ್ ಕಡೆಯವರಾಗಿದ್ದು ಗಣಿ ಕಂಡವರಾದರೆ, ಪೋಲೆಂಡಿನ ಜಾಬ್ಜೆಯಲ್ಲಿ ಗ್ವಿಡೊ ಅನ್ನೋ ಹಳೆ ಕಲ್ಲಿದ್ದಲು ಗಣಿಯಲ್ಲಿ 320 ಮೀಟರ್ ಆಳಕ್ಕೆ ಕರೆದುಕೊಂಡು ಹೋಗುತ್ತಾರೆ. ಬೇರೆ ಏನಾದರೂ ಇದ್ದರೆ ಇಲ್ಲೇ ಬರೆಯಿರಿ, ನನಗೆ ಗೊತ್ತಿರುವ ಊರು ಇದ್ದರೆ ಹೇಳುತ್ತೇನೆ.