ಗಡಿಗೆ ಇದೆ ಅಂದರೆ ಕುಂಬಾರ ಇರಲೇಬೇಕಾ?

(ರಾಣೇಬೆನ್ನೂರಿನ ಓದುಗರೊಬ್ಬರ ಕಾಗದ, ಚುಟುಕಾಗಿ: ‘ಕಳೆದ ಸಂಚಿಕೆಯಲ್ಲಿ ಬಿಗ್ ಬ್ಯಾಂಗ್ ಬಗ್ಗೆ ಬರೆದಿರಿ. 1,380 ಕೋಟಿ ವರ್ಷದ ಹಿಂದೆ ಎಲ್ಲ ಶುರುವಾಯಿತು ಅಂದಿರಿ. ಶುರು ಮಾಡಿದವರು ಯಾರು ಅಂತ ಮಾತ್ರ ಹೇಳಲಿಲ್ಲ. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುವ ನನ್ನ ಮಗ ಅದೇ ಲೇಖನ ತೋರಿಸಿ, ದೇವರಿಲ್ಲ ಅಂತ ವಿಜ್ಞಾನವೇ ಸಾಬೀತು ಮಾಡಿದೆ ಅನ್ನುತ್ತಾನೆ. ಕುಂಬಾರನಿಲ್ಲದೆ ಗಡಿಗೆ ಆಗುತ್ತದೆಯೇ? ನುಣುಚಿಕೊಳ್ಳದೆ ಉತ್ತರ ಕೊಡಿ.’)

ನುಣುಚಿಕೊಳ್ಳುವುದಿಲ್ಲ ಸರ್. ಜಗತ್ತಿಗೆ ಒಂದು ಶುರು ಇತ್ತು ಅಂತ ಒಪ್ಪಿದವರು ಸೃಷ್ಟಿಕರ್ತನನ್ನೂ ಒಪ್ಪಲೇಬೇಕು ಅಂತೇನಿಲ್ಲ. ಇದು ನನ್ನ ಉತ್ತರ. ಆದರೆ ನಿಮ್ಮ ಮಗ ಕೊಟ್ಟ ಕಾರಣಕ್ಕಲ್ಲ. ಅವರ ಮಾತೂ ದಾರಿ ತಪ್ಪಿದೆ.

ಬಿಗ್ ಬ್ಯಾಂಗ್ ಅನ್ನುವುದು ದೇವರ ವಿರೋಧಿಗಳು ಹುಟ್ಟುಹಾಕಿದ ವಿಚಾರ ಅಂತ ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಅದನ್ನು ಮೊದಲು ಹೇಳಿದವರು ಒಬ್ಬ ಪಾದ್ರಿ! ಬೆಲ್ಜಿಯಂನ ಜಾರ್ಜ್ ಲೆಮೈತ್ರ್. ಜಗತ್ತು ಹಿಗ್ಗುತ್ತಿದೆ ಅಂತ ಅವರು 1927ರಲ್ಲೇ ಲೆಕ್ಕ ಹಾಕಿ ಬರೆದರು. ಹಿಂದಕ್ಕೆ ಹೋದರೆ ಎಲ್ಲವೂ ಒಂದೇ ‘ಆದಿ ಅಣು’ವಿನಲ್ಲಿ ಅಡಗಿರಬೇಕು ಅಂದದ್ದು 1931ರಲ್ಲಿ. ಇಂಗ್ಲೆಂಡಿನ ಖಗೋಳ ವಿಜ್ಞಾನಿ ಫ್ರೆಡ್ ಹಾಯ್ಲ್ ನಾಸ್ತಿಕರು. ಅವರಿಗೆ ಇದರಲ್ಲಿ ಚರ್ಚಿನ ವಾಸನೆ ಬಡಿಯಿತು. 1949ರಲ್ಲಿ ಬಿಬಿಸಿ ರೇಡಿಯೋದಲ್ಲಿ ಮಾತಾಡುತ್ತ ‘ಬಿಗ್ ಬ್ಯಾಂಗ್’ ಅಂತ ಕರೆದವರು ಅವರೇ. ಜಗತ್ತಿಗೆ ಶುರುವೂ ಇಲ್ಲ, ಕೊನೆಯೂ ಇಲ್ಲ ಅನ್ನುವುದು ಅವರ ವಾದ. ನಮ್ಮ ಪಕ್ಕದ ಕೊಲ್ಹಾಪುರದಲ್ಲಿ ಹುಟ್ಟಿದ ಜಯಂತ ನಾರ್ಲೀಕರ್ ಅವರ ಶಿಷ್ಯರು.

ಇತ್ತ 1951ರಲ್ಲಿ ಪೋಪ್ ಹನ್ನೆರಡನೇ ಪಯಸ್ ಒಂದು ಭಾಷಣ ಮಾಡಿದರು. ಬೈಬಲ್ಲಿನ ‘ಬೆಳಕಾಗಲಿ’ ಅನ್ನುವ ಮಾತಿಗೆ ವಿಜ್ಞಾನವೇ ಸಾಕ್ಷಿ ಹೇಳುತ್ತಿದೆ ಎಂಬರ್ಥದಲ್ಲಿ ಮಾತಾಡಿದರು. ಪಾದ್ರಿ ಖುಷಿಪಡಬೇಕಿತ್ತು, ಅಲ್ವಾ? ಲೆಮೈತ್ರ್‌ಗೆ ಕಸಿವಿಸಿಯಾಯಿತು. 1958ರಲ್ಲಿ ಅವರು ಬಿಡಿಸಿ ಹೇಳಿದರು: ನನ್ನ ಸಿದ್ಧಾಂತ ಧರ್ಮದ ಪ್ರಶ್ನೆಯ ಹೊರಗಿದೆ, ದೇವರಿಲ್ಲ ಅನ್ನುವವನು ಇದನ್ನು ಒಪ್ಪಿಕೊಂಡೂ ಹಾಗೇ ಅನ್ನಬಹುದು. ದಿನಾ ಪ್ರಾರ್ಥನೆ ಮಾಡುತ್ತಿದ್ದ ಮನುಷ್ಯನ ಮಾತು ಇದು. ನನಗೆ ಇದು ಬಹಳ ದೊಡ್ಡದು ಅನಿಸುತ್ತದೆ. ನಂಬಿಕೆಯನ್ನು ಒಂದು ಲೆಕ್ಕದ ಮೇಲೆ ನಿಲ್ಲಿಸಿದರೆ, ನಾಳೆ ಲೆಕ್ಕ ಬದಲಾದಾಗ ಏನು ಮಾಡುತ್ತೀರಿ?

ಜಗಳ ತೀರಿದ್ದು ಭಾಷಣದಿಂದಲ್ಲ, ಗೊರ ಗೊರ ಸದ್ದಿನಿಂದ. 1964ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಪೆಂಜಿಯಾಸ್, ವಿಲ್ಸನ್ ಅನ್ನುವ ಇಬ್ಬರಿಗೆ ತಮ್ಮ ದೊಡ್ಡ ಆಂಟೆನಾದಲ್ಲಿ ಒಂದು ಸದ್ದು ಕಾಡತೊಡಗಿತು. ಯಾವ ದಿಕ್ಕಿಗೆ ತಿರುಗಿಸಿದರೂ ಅದೇ. ಒಳಗೆ ಪಾರಿವಾಳ ಗೂಡು ಕಟ್ಟಿದ್ದವು. ಅವನ್ನು ಓಡಿಸಿ, ಹಿಕ್ಕೆ ಬಳಿದು ಸ್ವಚ್ಛ ಮಾಡಿದರು. ಸದ್ದು ನಿಲ್ಲಲಿಲ್ಲ. ಅದು ಜಗತ್ತಿಗೆ ಸುಮಾರು 3 ಲಕ್ಷ 80 ಸಾವಿರ ವರ್ಷವಾಗಿದ್ದಾಗ ಬಿಡುಗಡೆಯಾದ ಬೆಳಕು. ಈಗ ಆರಿ ಆರಿ ರೇಡಿಯೋ ಅಲೆಯಾಗಿ, ಸೊನ್ನೆಗಿಂತ 270 ಡಿಗ್ರಿ ಕೆಳಗೆ ಇಳಿದಿದೆ. ಮನೆ ಮೇಲೆ ಆಂಟೆನಾ ಇದ್ದ ಕಾಲದಲ್ಲಿ ಟಿವಿಯಲ್ಲಿ ಚಾನೆಲ್ ಸಿಗದಾಗ ಚುಕ್ಕಿ ಚುಕ್ಕಿ ಕುಣಿಯುತ್ತಿತ್ತಲ್ಲ, ಅದರಲ್ಲೂ ಈ ಬೆಳಕಿನ ಒಂದು ಸಣ್ಣ ಪಾಲು ಇತ್ತು. ನೀವೂ ನೋಡಿದ್ದೀರಿ. ಲೆಮೈತ್ರ್ ತೀರಿಕೊಂಡದ್ದು 1966ರಲ್ಲಿ. ಸಾಯುವ ಮೊದಲು ಈ ಸುದ್ದಿ ಅವರ ಕಿವಿಗೆ ಬಿತ್ತು.

ಈಗ ನಿಮ್ಮ ಕುಂಬಾರ.

ಈ ಮಾತು ನಮ್ಮ ನ್ಯಾಯ ದರ್ಶನದ್ದು, ಅಂದರೆ ತರ್ಕವನ್ನೇ ನೆಚ್ಚಿದ ಹಳೆಯ ಪಂಥದ್ದು. ಕೆಲಸ ಇದ್ದ ಮೇಲೆ ಮಾಡಿದವನು ಇರಲೇಬೇಕು ಅಂತ 10ನೇ ಶತಮಾನದ ಉದಯನಾಚಾರ್ಯರು ಜಬರ್ದಸ್ತಾಗಿ ವಾದಿಸಿದರು. ಆದರೆ ಅವರ ಈಶ್ವರ ಪರಮಾಣುಗಳನ್ನು ಸೃಷ್ಟಿಸುವುದಿಲ್ಲ. ಅವು ಮೊದಲಿಂದಲೂ ಇವೆ, ಆತ ಜೋಡಿಸುತ್ತಾನೆ ಅಷ್ಟೇ. ಅಂದರೆ ಕುಂಬಾರನಿಗೂ ಮಣ್ಣು ಬೇಕು. ನೀವು ಕೇಳುತ್ತಿರುವುದು ಗಡಿಗೆಯ ಬಗ್ಗೆ ಅಲ್ಲ, ಮಣ್ಣಿನ ಬಗ್ಗೆ. ಮಣ್ಣು ಎಲ್ಲಿಂದ ಬಂತು ಅನ್ನುವುದಕ್ಕೆ ಯಾವ ಕುಂಬಾರನೂ ಉದಾಹರಣೆ ಆಗುವುದಿಲ್ಲ.

ಈ ಸಂದಿನಲ್ಲೇ ಕೈ ಹಾಕಿದವರು ಜೈನರು. ರಾಷ್ಟ್ರಕೂಟರ ಅಮೋಘವರ್ಷನ ಗುರು ಜಿನಸೇನರು 9ನೇ ಶತಮಾನದಲ್ಲಿ ಕೇಳಿದ ಪ್ರಶ್ನೆಗಳು ಇವತ್ತಿಗೂ ಚುರುಕ್ ಅನ್ನುತ್ತವೆ. ಜಗತ್ತನ್ನು ಮಾಡುವ ಮೊದಲು ದೇವರು ಎಲ್ಲಿದ್ದ? ಸಾಮಗ್ರಿ ಇಲ್ಲದೆ ಹೇಗೆ ಮಾಡಿದ? ಸಾಮಗ್ರಿ ತಾನಾಗಿಯೇ ಇತ್ತು ಅಂದರೆ, ಜಗತ್ತೂ ತಾನಾಗಿಯೇ ಇರಬಾರದೇಕೆ? ಈ ಪ್ರಶ್ನೆಗಳಿರುವ ಮಹಾಪುರಾಣವನ್ನು ಮುಗಿಸುವ ಮೊದಲೇ ಅವರು ತೀರಿಕೊಂಡರು. ಉಳಿದದ್ದನ್ನು ಪೂರೈಸಿದವರು ಶಿಷ್ಯ ಗುಣಭದ್ರರು. ಆ ಗ್ರಂಥಕ್ಕೆ 898ರ ಸುಮಾರಿಗೆ ಪೂಜೆ ನಡೆದದ್ದು ಬಂಕಾಪುರದಲ್ಲಿ. ಹೌದು, ನಿಮ್ಮ ಹಾವೇರಿ ಜಿಲ್ಲೆಯ ಬಂಕಾಪುರವೇ. ನಿಮ್ಮ ಮಗ ಹುಬ್ಬಳ್ಳಿ ಬಸ್ಸಿನಲ್ಲಿ ಹೋಗುವಾಗಲೆಲ್ಲ ಅದರ ಪಕ್ಕದಲ್ಲೇ ದಾಟುತ್ತಾರೆ.

ಗದಗಿನ ಹತ್ತಿರ ಲಕ್ಕುಂಡಿಗೆ ಹೋಗಿದ್ದೀರಾ? ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬಸದಿ ಅಲ್ಲಿದೆ. ಒಳಗೆ ನಾಲ್ಕು ಮುಖದ ಬ್ರಹ್ಮನ ಮೂರ್ತಿ ಇದೆ. ಸೃಷ್ಟಿಕರ್ತನನ್ನೇ ಒಪ್ಪದವರ ಗುಡಿಯಲ್ಲಿ ಬ್ರಹ್ಮ! ನಯವಾದ ಕರಿಕಲ್ಲು, ಮಬ್ಬು ಬೆಳಕು. ಅವನನ್ನು ಅಲ್ಲಿ ನಿಲ್ಲಿಸಿದವರಿಗೆ ಭಕ್ತಿ ಕಡಿಮೆ ಇತ್ತು ಅಂತ ಯಾರೂ ಹೇಳಲಾರರು. ದೇವರಿಗೆ ಕೈ ಮುಗಿಯುವುದು ಬೇರೆ, ಜಗತ್ತು ಯಾರು ಮಾಡಿದರು ಅನ್ನುವುದು ಬೇರೆ. ಈ ಸೀಮೆಯ ಜನ ಸಾವಿರ ವರ್ಷದ ಹಿಂದೆಯೇ ಎರಡನ್ನೂ ಬೇರೆ ಬೇರೆ ಇಟ್ಟು ಬಾಳಿದ್ದಾರೆ. ನೀವು ಸಂಜೆ ದೀಪ ಹಚ್ಚಲು ಭೌತಶಾಸ್ತ್ರದ ಅಪ್ಪಣೆ ಬೇಡ.

ಇನ್ನು ನಿಮ್ಮ ಮಗನ ಸರದಿ. ಅವರು ಸಾಬೀತು ಅಂದರಲ್ಲ, ಎಲ್ಲಿದೆ ಸಾಬೀತು? ಬಿಗ್ ಬ್ಯಾಂಗ್ ಸಿದ್ಧಾಂತ ಹೇಳುವುದು ಬಿಸಿಯಾಗಿ ಒತ್ತೊತ್ತಾಗಿದ್ದ ಜಗತ್ತು ಹೇಗೆ ಹಿಗ್ಗಿತು, ಹೇಗೆ ತಣ್ಣಗಾಯಿತು ಅನ್ನುವುದನ್ನು. ಮೊದಲ ಕೆಲವು ನಿಮಿಷಗಳಲ್ಲಿ ಹೀಲಿಯಂ ಎಷ್ಟು ಆಗಿರಬೇಕು ಅಂತ ಲೆಕ್ಕ ಹಾಕುತ್ತದೆ. ತೂಕದಲ್ಲಿ ಹೆಚ್ಚುಕಡಿಮೆ ಕಾಲು ಭಾಗ. ನಕ್ಷತ್ರಗಳ ಕಲಬೆರಕೆ ಕಡಿಮೆ ಇರುವ ಅನಿಲದ ಮೋಡಗಳಲ್ಲಿ ಅಳೆದರೆ ಹತ್ತಿರ ಹತ್ತಿರ ಅಷ್ಟೇ ಸಿಗುತ್ತದೆ. ಇನ್ನೂ ಹಿಂದಕ್ಕೆ, ತೀರಾ ಮೊದಲ ಕ್ಷಣಕ್ಕೆ ಹೋದರೆ ಗುರುತ್ವವನ್ನು ವಿವರಿಸುವ ಐನ್‌ಸ್ಟೈನ್ ಅವರ ಸಾಪೇಕ್ಷತೆಗೂ ಅಣುವಿನೊಳಗಿನ ಜಗತ್ತನ್ನು ವಿವರಿಸುವ ಕ್ವಾಂಟಂ ಶಾಸ್ತ್ರಕ್ಕೂ ಕೂಡಿ ಬರುವುದಿಲ್ಲ. ಎರಡನ್ನೂ ಬೆಸೆದು ಎಲ್ಲರೂ ಒಪ್ಪುವಂತೆ ಮಾಡಿದ ಸಿದ್ಧಾಂತ ಇವತ್ತಿಗೂ ಇಲ್ಲ. 1983ರಲ್ಲಿ ಭೌತವಿಜ್ಞಾನಿಗಳಾದ ಹಾರ್ಟಲ್ ಮತ್ತು ಹಾಕಿಂಗ್, ಕಾಲಕ್ಕೆ ಅಂಚೇ ಇಲ್ಲ, ಹಾಗಾಗಿ ‘ಅದಕ್ಕೂ ಮೊದಲು’ ಅನ್ನುವುದೇ ಇಲ್ಲ ಅಂತ ಒಂದು ದಾರಿ ತೋರಿಸಿದರು. ಜಾಣ ವಿಚಾರ. ಆದರೆ ಅದು ಊಹೆ. ಏನೂ ಇಲ್ಲದ್ದರಿಂದ ಜಗತ್ತು ಹುಟ್ಟಿತು ಅನ್ನುವ ಸಿದ್ಧಾಂತಗಳಲ್ಲೂ ಕ್ವಾಂಟಂ ನಿಯಮಗಳು ಮೊದಲೇ ಹಾಜರಿರುತ್ತವೆ. ಆ ನಿಯಮಗಳು ಎಲ್ಲಿಂದ ಬಂದವು?

ಇದನ್ನು ಅವರಿಗೇ ಕೇಳಿ. ಉತ್ತರ ಬರೆದು ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಜಾಗ ಕೊಡುತ್ತೇವೆ. ಎರಡು ಪುಟ ಮೀರಬಾರದು ಅಂತ ಹೇಳಿ. ನಿಮ್ಮದೇ ನಾಲ್ಕು ಪುಟ ಆಗಿದೆ.

- ಸಂ.